ಮುಂಗಾರಿಗೆ ಮುನ್ನ ಮನೆಯ ಜನರೇಟರ್ ಪರೀಕ್ಷೆ

ಮಲೆನಾಡು ಮತ್ತು ಕರಾವಳಿಗೆ ಜೂನ್ ಮೊದಲ ವಾರದ ಹೊತ್ತಿಗೆ ನೈರುತ್ಯ ಮುಂಗಾರು ಕಾಲಿಡುವುದು ವಾಡಿಕೆ. ಗಾಳಿಮಳೆಗೆ ಮರ ಉರುಳಿ ಕಂಬಗಳು ಮುರಿದರೆ ತೋಟದ ನಡುವಿನ ಒಂಟಿ ಮನೆಗಳಿಗೆ ವಿದ್ಯುತ್ ಮರಳಲು ದಿನಗಳೇ ಹಿಡಿಯುತ್ತವೆ. 2018ರ ಆಗಸ್ಟ್‌ನಲ್ಲಿ ಭೂಕುಸಿತಕ್ಕೆ ಸಿಲುಕಿದ ಕೊಡಗಿನ ಅನೇಕ ಊರುಗಳಿಗೆ ರಸ್ತೆಯೂ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಇನ್‌ವರ್ಟರ್ ಬ್ಯಾಟರಿ ಒಂದು ರಾತ್ರಿಗೆ ಸಾಲಬಹುದು. ಅನಂತರ ಜನರೇಟರೇ ಗತಿ. ಹೆತ್ತವರನ್ನು ಊರಿನಲ್ಲಿ ಬಿಟ್ಟು ನಗರದಲ್ಲಿ ನೆಲೆಸಿರುವವರು ಮೇ ತಿಂಗಳ ರಜೆಯಲ್ಲಿಯೇ ಅದರ ಪರೀಕ್ಷೆ ಮುಗಿಸುವುದು ಲೇಸು. ಆಗ ಮೆಕ್ಯಾನಿಕ್ ಸಿಗುತ್ತಾನೆ, ಬಿಡಿಭಾಗವೂ ಸಿಗುತ್ತದೆ.

ಹಗ್ಗ ಎಳೆದಾಗ ಎಂಜಿನ್ ಸದ್ದು ಮಾಡಿದರೆ ಪರೀಕ್ಷೆ ಮುಗಿಯಿತೆಂದು ಬಹಳ ಮಂದಿ ಭಾವಿಸುತ್ತಾರೆ. ಅದು ಅರ್ಧ ಪರೀಕ್ಷೆಯೂ ಅಲ್ಲ. ಲೋಡ್ ಇಲ್ಲದಾಗ ಸರಾಗವಾಗಿ ಓಡುವ ಯಂತ್ರ, ಫ್ರಿಜ್ ಮತ್ತು ಪಂಪ್ ಜೋಡಿಸಿದೊಡನೆ ಉಸಿರುಗಟ್ಟಿ ನಿಲ್ಲಬಹುದು. ಮೊದಲು ಆಯಿಲ್ ಮಟ್ಟ ನೋಡಿ, ಏರ್ ಫಿಲ್ಟರ್ ಸ್ವಚ್ಛಗೊಳಿಸಬೇಕು. ಹಿಂದಿನ ಮಳೆಗಾಲದ ಪೆಟ್ರೋಲ್ ಉಳಿದಿದ್ದರೆ ಹೊರತೆಗೆಯಬೇಕು. ಎಥೆನಾಲ್ ಬೆರೆತ ಇಂದಿನ ಪೆಟ್ರೋಲ್ ತೇವವನ್ನು ಹೀರಿಕೊಳ್ಳುತ್ತದೆ, ಕಾರ್ಬ್ಯುರೇಟರ್‌ನಲ್ಲಿ ಅಂಟು ಕಟ್ಟಿಕೊಳ್ಳುತ್ತದೆ. ಬಳಿಕ ಯಂತ್ರವನ್ನು ಚಾಲೂ ಮಾಡಿ, ಬಿಸಿಯಾದ ಮೇಲೆ ಉಪಕರಣಗಳನ್ನು ಒಂದೊಂದಾಗಿ ಜೋಡಿಸುತ್ತ, ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ಲೋಡ್‌ನಲ್ಲಿ ಅರ್ಧ ಗಂಟೆಯಾದರೂ ಓಡಿಸಬೇಕು.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಪಂಪ್‌ನ ವಿಷಯದಲ್ಲಿ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಆದರೆ ಮೋಟಾರು ತಿರುಗಲಾರಂಭಿಸುವ ಕ್ಷಣದಲ್ಲಿ ಅದರ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ಹೀಗಾಗಿ ಪಂಪನ್ನು ಮೊದಲು ಹಾಕಿ, ದೀಪ, ಫ್ಯಾನುಗಳನ್ನು ಅನಂತರ ಹಾಕುವುದು ಕ್ರಮ. ವೋಲ್ಟ್‌ಮೀಟರ್ 230ರ ಆಸುಪಾಸಿನಲ್ಲಿ ನಿಲ್ಲದೆ ಏರಿಳಿದರೆ ಮೆಕ್ಯಾನಿಕ್‌ಗೆ ತೋರಿಸದೆ ಟಿವಿ, ಫ್ರಿಜ್ ಜೋಡಿಸಬಾರದು.

ಇದಕ್ಕಿಂತ ಗಂಭೀರವಾದುದು ಚೇಂಜ್‌ಓವರ್ ಸ್ವಿಚ್. ಮನೆಯ ವೈರಿಂಗ್ ಒಂದು ಸಮಯಕ್ಕೆ ಒಂದೇ ಮೂಲಕ್ಕೆ, ಲೈನಿಗೆ ಇಲ್ಲವೇ ಜನರೇಟರ್‌ಗೆ, ಸೇರುವಂತೆ ಮಾಡುವುದು ಇದರ ಕೆಲಸ. ಇದಿಲ್ಲದೆ ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಗೋಡೆಯ ಸಾಕೆಟ್‌ಗೆ ಸಿಕ್ಕಿಸುವ ಅಪಾಯಕಾರಿ ಜಾಣತನ ಅಲ್ಲಲ್ಲಿ ಕಂಡುಬರುತ್ತದೆ. ಆಗ ಜನರೇಟರ್‌ನ ವಿದ್ಯುತ್ ಮೀಟರ್ ದಾಟಿ ಹೊರಗೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರ್ ಹಿಮ್ಮುಖವಾಗಿ ವರ್ತಿಸಿ ಅದನ್ನು 11 ಸಾವಿರ ವೋಲ್ಟ್‌ನತ್ತ ಏರಿಸುತ್ತದೆ. ಲೈನ್ ಸತ್ತಿದೆಯೆಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೇ ಅದು ಸಂಚಕಾರ. ಸ್ವಿಚ್ ಅಳವಡಿಕೆ ಹಾಗೂ ಅರ್ತಿಂಗ್ ಪರಿಶೀಲನೆಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು.

ಯಂತ್ರ ಮಳೆಗಾಲದಲ್ಲಿ ಎಲ್ಲಿ ನಿಲ್ಲಬೇಕೋ ಅಲ್ಲಿಯೇ ಪರೀಕ್ಷೆ ನಡೆಸುವುದು ಉಚಿತ. ಅಂಗಳದಲ್ಲಿ ಪರೀಕ್ಷಿಸಿ, ಮಳೆ ಬಂದಾಗ ನೆನೆಯದಿರಲೆಂದು ಪಡಸಾಲೆಗೆ ಎಳೆದುಕೊಂಡರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವರು ಏಳುವುದೇ ಇಲ್ಲ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಬಿರುಗಾಳಿಯಿಂದ ವಿದ್ಯುತ್ ಕಡಿದಾಗ ಈ ವಿಷಾನಿಲಕ್ಕೆ ಹಲವರು ಬಲಿಯಾದರು. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕಿಟಕಿಯತ್ತ ಬಾರದಂತೆ ಇರಿಸಬೇಕೆಂಬುದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಸಲಹೆ. ಮೇಲೆ ಶೀಟು ಹೊದಿಸಿ, ಸುತ್ತ ಗೋಡೆ ಕಟ್ಟದ ಚಪ್ಪರ ಇದಕ್ಕೆ ಸಾಕು.

ಪರೀಕ್ಷೆಯ ಕೊನೆಗೆ ಲೋಡ್ ತೆಗೆದು ಕೆಲ ನಿಮಿಷ ಓಡಿಸಬೇಕು. ಪೆಟ್ರೋಲ್ ಯಂತ್ರವಾದರೆ ಇಂಧನದ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಬರಿದಾಗಿ ತಾನಾಗಿಯೇ ನಿಲ್ಲುವವರೆಗೆ ಬಿಡಬೇಕು. ಸೆಲ್ಫ್ ಸ್ಟಾರ್ಟ್ ಇದ್ದಲ್ಲಿ ಬ್ಯಾಟರಿಯ ಚಾರ್ಜ್ ನೋಡಿಕೊಳ್ಳಬೇಕು. ಮಳೆ ಹಿಡಿದ ಮೇಲೂ ತಿಂಗಳಿಗೊಮ್ಮೆ ಲೋಡ್ ಸಹಿತ ಓಡಿಸುವುದು ಅಗತ್ಯ. ಬಿಸಿ ಎಂಜಿನ್‌ಗೆ ಮಾತ್ರ ಇಂಧನ ಸುರಿಯಬಾರದು.