ಎಂಎಕ್ಸ್ 150: ಸ್ಟಿಕ್ಕರ್ ಒಂದು, ಚಿಪ್ ಎರಡು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿಂದ ಡಿಗ್ರಿಗೆ ಸೇರಿದ ಹುಡುಗರು, ಹುಡುಗಿಯರು ನನಗೆ ಫೋನ್ ಮಾಡಿ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: 'ಅಣ್ಣಾ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಿಕ್ಕಿದೆ, 2 ಜಿಬಿ ಗ್ರಾಫಿಕ್ಸ್ ಅಂತೆ, ತಗೊಳ್ಳಲಾ?' ಎಷ್ಟೋ ಸಲ ಆ '2 ಜಿಬಿ' ಅಂದ್ರೆ ಎನ್‌ವಿಡಿಯಾದ ಜಿಫೋರ್ಸ್ ಎಂಎಕ್ಸ್ 150. ಅದರ ಲೆಕ್ಕ ಇಲ್ಲಿದೆ.

ಈ ಚಿಪ್ ಬಂದಿದ್ದು 2017ರ ಮೇನಲ್ಲಿ. ಪ್ಯಾಸ್ಕಲ್ ಪೀಳಿಗೆಯ ಜಿಪಿ108, ಒಳಗೆ 384 ಕೂಡಾ ಕೋರ್, ಜಿಡಿಡಿಆರ್5 ಮೆಮೊರಿ. ಮೆಮೊರಿಯ ದಾರಿ 64 ಬಿಟ್ ಅಗಲ, ಅಂದ್ರೆ 8 ಬೈಟ್. 6 ಗಿಗಾಬಿಟ್ ವೇಗದಲ್ಲಿ ಸೆಕೆಂಡಿಗೆ 48 ಜಿಬಿ ಓಡುತ್ತೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಡಿಡಿಆರ್4-2400 ರ‍್ಯಾಮ್ ಎರಡು ಕಡ್ಡಿ ಹಾಕಿದ್ರೆ 38.4 ಜಿಬಿ ಸಿಗುತ್ತೆ, ಆದರೆ ಅದನ್ನ ಪ್ರೊಸೆಸರ್ ಜೊತೆ ಹಂಚಿಕೊಳ್ಳಬೇಕು. ಒಂದೇ ಕಡ್ಡಿ ಇದ್ರೆ ಅದರಲ್ಲೂ ಅರ್ಧ.

ಅಸಲಿ ಕಥೆ ವಿದ್ಯುತ್ತಿನದು. ಮೂಲ ಎಂಎಕ್ಸ್ 150 ತಿನ್ನೋದು 25 ವ್ಯಾಟ್, ಅದರ ಬೇಸ್ ವೇಗ 1468 ಮೆಗಾಹರ್ಟ್ಸ್. ತೆಳು ಲ್ಯಾಪ್‌ಟಾಪ್‌ಗಳಿಗೆ ಅಂತ 10 ವ್ಯಾಟ್‌ನ ಇನ್ನೊಂದು ಬಂತು: ಬೇಸ್ ವೇಗ 937. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿತ. ಹೆಸರು ಮಾತ್ರ ಅದೇ! 2018ರ ಮಾರ್ಚ್‌ನಲ್ಲಿ ನೋಟ್‌ಬುಕ್‌ಚೆಕ್ ತಾಣ ಇದನ್ನ ಬಯಲಿಗೆ ತಂತು. ತೆಳು ಯಂತ್ರಕ್ಕೆ ಕಡಿಮೆ ಬಿಸಿಯ ಚಿಪ್ ಬೇಕು, ಅದರಲ್ಲಿ ತಪ್ಪಿಲ್ಲ. ಬೇರೆ ಹೆಸರು ಇಡಬಹುದಿತ್ತು, ಅಷ್ಟೇ.

ಗುರುತು ಹಿಡಿಯೋದು ಸುಲಭ. ಜಿಪಿಯು-ಝಡ್ ಅನ್ನೋ ಉಚಿತ ತಂತ್ರಾಂಶದಲ್ಲಿ ಡಿವೈಸ್ ಐಡಿ ನೋಡಿ. 1ಡಿ10 ಇದ್ರೆ 25 ವ್ಯಾಟ್, 1ಡಿ12 ಇದ್ರೆ 10 ವ್ಯಾಟ್. ದುಡ್ಡು ಕೊಡೋ ಮುಂಚೆ ಅಂಗಡಿಯಲ್ಲೇ ನೋಡಿ.

ಹೋರಾಟದ ವಿಡಿಯೊ ಎಡಿಟ್ ಮಾಡೋಕೆ ಅಂತ ಕೊಳ್ಳೋರಿಗೆ ಇನ್ನೊಂದು ಮಾತು: ಈ ಚಿಪ್‌ನಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲವೇ ಇಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಆ ಕೆಲಸ ಪ್ರೊಸೆಸರ್‌ಗೋ ಅದರೊಳಗಿನ ಇಂಟೆಲ್ ಗ್ರಾಫಿಕ್ಸ್‌ಗೋ ಬೀಳುತ್ತೆ. ಅಂಥವರು ಮೊದಲು ಒಳ್ಳೆ ಪ್ರೊಸೆಸರ್, ಎರಡು ಕಡ್ಡಿ ರ‍್ಯಾಮ್ ನೋಡಲಿ.

ಶಾಲೆ, ಕಾಲೇಜಿನ ಖರೀದಿ ಸಮಿತಿಯಲ್ಲಿ ನಿಮ್ಮವರು ಯಾರಾದ್ರೂ ಇದ್ರೆ ಕೇಳಿ. ಟೆಂಡರ್‌ನಲ್ಲಿ '2 ಜಿಬಿ ಗ್ರಾಫಿಕ್ಸ್' ಅಂತಷ್ಟೇ ಬರೆದ್ರೆ ಎರಡೂ ಚಿಪ್ ಪಾಸ್. ವ್ಯಾಟ್ ಮತ್ತು ಬೇಸ್ ವೇಗವನ್ನೂ ಬರೆದ್ರೆ ಒಂದು ಮಾತ್ರ ಪಾಸಾಗುತ್ತೆ.