ಬಟಾಣಿ ಗಿಡ ತಂದ ಸಾಲ

ನಾಸಿಕಕ್ಕೆ ಹೋದ ನಮ್ಮವರು ಪಂಚವಟಿ, ಕಾಳಾರಾಮನ ಗುಡಿ, ತ್ರ್ಯಂಬಕೇಶ್ವರ ನೋಡಿಕೊಂಡು ಮರಳುತ್ತಾರೆ. ಪಾಂಡವಲೇಣಿ ಗುಡ್ಡದ ಬುಡದಲ್ಲಿರುವ ಫಾಲ್ಕೆ ಸ್ಮಾರಕದತ್ತ ತಿರುಗುವವರು ಕಡಿಮೆ. ದಾದಾಸಾಹೇಬ ಫಾಲ್ಕೆಯವರ ಹೆಸರಿನ ಪ್ರಶಸ್ತಿ ನಮ್ಮ ಡಾ. ರಾಜಕುಮಾರರಿಗೂ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೂ ಸಂದದ್ದನ್ನು ಬಲ್ಲೆವು. ಆದರೆ ಆ ಫಾಲ್ಕೆಯವರ ಮೊದಲ ಚಿತ್ರಕ್ಕೆ ಆಸರೆಯಾದವರು ಯಾರೆಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಧುಂಡಿರಾಜ ಗೋವಿಂದ ಫಾಲ್ಕೆ 1870ರಲ್ಲಿ ತ್ರ್ಯಂಬಕೇಶ್ವರದಲ್ಲಿ ಹುಟ್ಟಿದರು. 1911ರಲ್ಲಿ ಮುಂಬಯಿಯ ಗಿರಗಾಂವಿಯಲ್ಲಿ ಏಸುವಿನ ಜೀವನದ ಚಿತ್ರ ನೋಡಿದ ಮೇಲೆ, ನಮ್ಮ ರಾಮ, ಕೃಷ್ಣರನ್ನೂ ಪರದೆಗೆ ತರಬೇಕೆಂಬ ಹುಚ್ಚು ಹತ್ತಿತು. ಆಗಲೇ ನಲವತ್ತು ದಾಟಿದ ಸಂಸಾರಸ್ಥ. ಕೈ ಬರಿದು. ವಿಮಾಪತ್ರ ಅಡವಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ ಕೆಲಸ ಕಲಿತು, ಕ್ಯಾಮೆರಾ ಕೊಂಡು ಬಂದರು. ಆದರೆ ಕ್ಯಾಮೆರಾ ಕಂಡು ಸಾಲ ಕೊಡುವವರುಂಟೆ?

ಫಾಲ್ಕೆಯವರು ಕುಂಡದಲ್ಲಿ ಬಟಾಣಿ ಕಾಳು ಊರಿದರು. ಅದು ಮೊಳೆತು ಬೆಳೆಯುವುದನ್ನು ತಿಂಗಳಿಗೂ ಮಿಕ್ಕಿ, ದಿನವೂ ತಪ್ಪದೆ ಚಿತ್ರಿಸಿದರು. ‘ಅಂಕುರಾಚಿ ವಾಢ’ ಎಂಬ ಆ ಚಿತ್ರ ಓಡುತ್ತಿದ್ದುದು ನಿಮಿಷದ ಆಸುಪಾಸು. ನಮ್ಮ ಎಣಿಕೆಯಲ್ಲಿ ಅದು ಸಾಕ್ಷ್ಯಚಿತ್ರವೇ. ಅದನ್ನು ನೋಡಿ ಯಶವಂತರಾವ್ ನಾಡಕರ್ಣಿ ಮೊದಲಾದವರು ಸಾಲ ಕೊಡಲು ಒಪ್ಪಿದರು. ಪತ್ನಿ ಸರಸ್ವತೀಬಾಯಿಯವರು ಒಡವೆ ಕೊಟ್ಟರಲ್ಲದೆ ಫಿಲ್ಮ್ ತೊಳೆಯುವುದನ್ನೂ ಕಲಿತರು, ಇಡೀ ತಂಡಕ್ಕೆ ಅಡಿಗೆಯನ್ನೂ ಮಾಡಿದರು. 1913ರ ಮೇ 3ರಂದು ಮುಂಬಯಿಯ ಕಾರೋನೇಶನ್‌ನಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು. ಅದೇ ವರ್ಷ ಫಾಲ್ಕೆಯವರು ತಮ್ಮ ಬಿಡಾರವನ್ನು ನಾಸಿಕಕ್ಕೆ ಎತ್ತಿದರು.

ಮುಂದಿನದು ಅಷ್ಟು ಸಿಹಿಯಲ್ಲ. 1914ರ ಯುದ್ಧ ಬಂದು ಸಾಲ ಕೊಡುವವರು ಕೈ ಹಿಂತೆಗೆದರು. 1918ರಲ್ಲಿ ಪಾಲುದಾರರೊಡನೆ ಕಟ್ಟಿದ ಕಂಪನಿಯಲ್ಲಿ ಹೊಂದಿಕೆಯಾಗದೆ ಕೆಲಕಾಲ ಕಾಶಿ ಸೇರಿದರು. ಹಣ ಕೊಟ್ಟವರು ಕೆಲವೊಮ್ಮೆ ಕಲೆಯನ್ನೂ ಕೊಂಡೆವೆಂದು ತಿಳಿಯುತ್ತಾರೆ. ಫಾಲ್ಕೆಯವರು 1944ರಲ್ಲಿ ನಾಸಿಕದಲ್ಲೇ ತೀರಿಕೊಂಡರು.

ಸ್ವಾತಂತ್ರ್ಯ ಬಂದ ಮೇಲೆ ಸಾಕ್ಷ್ಯಚಿತ್ರಕ್ಕೆ ಸರಕಾರವೇ ಒಡೆಯನಾಯಿತು. 1948ರಲ್ಲಿ ಫಿಲ್ಮ್ಸ್ ಡಿವಿಜನ್ ಹುಟ್ಟಿತು. 1975–76ರಲ್ಲಿ ಉಪಗ್ರಹದ ಮೂಲಕ ಗುಲ್ಬರ್ಗಾ, ರಾಯಚೂರು, ಬಿಜಾಪುರಗಳ ಹಳ್ಳಿಗಳಿಗೂ ಟೆಲಿವಿಷನ್ ಬಂತು. ಸ್ವತಂತ್ರ ನಿರ್ದೇಶಕರಿಗೆ ಬೇರೊಂದು ಬಾಗಿಲು ತೆರೆದದ್ದು 2000ದಲ್ಲಿ, ದೆಹಲಿಯ ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್ ಹುಟ್ಟಿದಾಗ. ದೂರದರ್ಶನದೊಡನೆ ಸೇರಿ ಅದು ನೂರಾರು ಸಾಕ್ಷ್ಯಚಿತ್ರಗಳಿಗೆ ನೆರವಾಯಿತು. ಹೊಸಬರಿಗೂ ಅಲ್ಲಿ ಎಡೆಯಿತ್ತು.

ಇಷ್ಟೆಲ್ಲ ನೆನಪಾದದ್ದು ಛತ್ರಪತಿ ಸಂಭಾಜಿನಗರದಿಂದ ವೇರೂಳಕ್ಕೆ ಹೋದಾಗ. ಕೈಲಾಸ ದೇವಾಲಯವನ್ನು ಬಂಡೆಯಲ್ಲಿ ಕೊರೆಸಿದವನು ಎಂಟನೆಯ ಶತಮಾನದ ರಾಷ್ಟ್ರಕೂಟ ಕೃಷ್ಣ. ಆ ವಂಶದ ರಾಜಧಾನಿಯಾದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. 1956ರವರೆಗೆ ಔರಂಗಾಬಾದೂ ಗುಲ್ಬರ್ಗವೂ ಒಂದೇ ಹೈದರಾಬಾದ್ ರಾಜ್ಯದವು. ಮಳಖೇಡದಿಂದ ವೇರೂಳದವರೆಗಿನ ಈ ದಾರಿಯನ್ನು ನಮ್ಮ ಮನೆಯ ಹುಡುಗ ಹುಡುಗಿಯರೇ ಏಕೆ ಚಿತ್ರಿಸಬಾರದು? ಕ್ಯಾಮೆರಾ ಈಗ ಎಲ್ಲರ ಜೇಬಿನಲ್ಲಿದೆ. ಬೇಕಾದದ್ದು ಓಡಾಟದ ಖರ್ಚು, ಶಾಸನ ಓದಿ ಹೇಳಬಲ್ಲ ಹಿರಿಯರು, ಮೊದಲ ಪ್ರಯತ್ನ ಕೆಟ್ಟರೂ ಬೈಯದ ಮನೆಯವರು. ನಾಟಕಕ್ಕೆ ವರ್ಷವರ್ಷವೂ ಚಂದಾ ಎತ್ತುವ ನಮ್ಮ ಸಂಘಕ್ಕೆ ಇದು ಭಾರವೇನಲ್ಲ. ಯಾರನ್ನು ನಂಬುವುದೆಂಬ ಚಿಂತೆಯಿದ್ದರೆ ಮೊದಲು ಒಂದು ನಿಮಿಷದ ಚಿತ್ರ ತೋರಿಸಲು ಕೇಳೋಣ. ನಾಡಕರ್ಣಿಯವರು ನೋಡಿದ್ದೂ ಅಷ್ಟೇ.