ಹೋಕಾಯಂತ್ರದ ಪಕ್ಕದ ಹಾಡು

ಜೂನ್ ಮತ್ತು ಜುಲೈ ಎರಡು ತಿಂಗಳು ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯ ಬಂದರಿನಲ್ಲಿ ಬೋಟುಗಳೆಲ್ಲ ಒಂದಕ್ಕೊಂದು ಮೈತಾಗಿಸಿಕೊಂಡು ನಿಂತಿರುತ್ತವೆ. ಬಲೆ ಹೆಣೆಯುವುದು, ಬಣ್ಣ ಬಳಿಯುವುದು, ಎಂಜಿನ್ ಬಿಚ್ಚುವುದು, ಎಲ್ಲವೂ ಆಗಲೇ. ಕಳೆದ ಆಷಾಢದಲ್ಲಿ ತವರಿಗೆ ಹೋಗಿದ್ದಾಗ ಅಣ್ಣನ ಮಗ ಬಂದು, "ಅತ್ತೆ, ಬೋಟಿಗೆ ಹೊಸ ಸ್ಟೀರಿಯೋ ಕೂರಿಸ್ತಿದ್ದೇನೆ, ಟಾರ್ಚ್ ಹಿಡಿಯೋಕೆ ಒಬ್ಬರು ಬೇಕು, ಬರ್ತೀರಾ?" ಎಂದ. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸದ ಪಾಠ ಹೇಳಿದವಳಿಗೆ ಟಾರ್ಚ್ ಹಿಡಿಯುವ ಕೆಲಸವಾದರೂ ಸಿಕ್ಕಿತಲ್ಲ ಎಂದು ಕೊಡೆ ಹಿಡಿದು ಹೊರಟೆ.

ಚುಕ್ಕಾಣಿ ಹಿಡಿಯುವವನು ನಿಲ್ಲುವ ಸಣ್ಣ ಕೋಣೆ ಅದು. ಎದುರಿಗೆ ಹಲಗೆ. ಅದರ ನಡುವೆ ಹೋಕಾಯಂತ್ರ, ಎಂದರೆ ದಿಕ್ಸೂಚಿ. ಪಕ್ಕದಲ್ಲಿ ಜಿಪಿಎಸ್ ಪರದೆ, ವಯರ್‌ಲೆಸ್ ಸೆಟ್ಟು. ಹುಡುಗ ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿದ. 182 ಮಿಲಿಮೀಟರ್ ಅಗಲ, 53 ಮಿಲಿಮೀಟರ್ ಎತ್ತರ. ಅದನ್ನು ಹಲಗೆಯ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ನಾಲ್ಕು ಮೂಲೆಗೂ ರಂಧ್ರ ಕೊರೆದು, ಸಣ್ಣ ಗರಗಸ ಇಳಿಸಿ ಕೊಯ್ದ. ಅರದಿಂದ ಅಂಚು ಉಜ್ಜಿದ. ಮರದ ಬಾಯಿಗೆ ಉಪ್ಪುನೀರು ಇಳಿಯದಂತೆ ವಾರ್ನಿಷ್ ಬಳಿದ. ತಗಡಿನ ತೊಡಪನ್ನು ಒಳಗೆ ತಳ್ಳಿ ಅದರ ಕಿವಿಗಳನ್ನು ಹಿಂದಕ್ಕೆ ಮಡಚಿದ. ಸೆಟ್ಟು ಟಕ್ಕೆಂದು ಕುಳಿತಿತು. ಮೇಲೊಂದು ಕಪ್ಪು ಚೌಕಟ್ಟು ಒತ್ತಿದಾಗ ಗರಗಸದ ಗುರುತೇ ಕಾಣಲಿಲ್ಲ. ರವಿಕೆಗೆ ಪಟ್ಟಿ ಇಟ್ಟು ಹೊಲಿದ ಹಾಗಿತ್ತು.

ಈ ಅಳತೆ ಅವನು ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ ಗಾಲ್ವಿನ್ ಸಹೋದರರು 1930ರಲ್ಲಿ ಮೊಟೊರೋಲಾ ಎಂಬ ಹೆಸರಿನಿಂದ ಕಾರಿಗೆ ರೇಡಿಯೋ ಮಾರತೊಡಗಿದಾಗ ಅದನ್ನು ಕೂರಿಸುವುದೇ ಒಂದು ಸಾಹಸವಾಗಿತ್ತು. ಪೆಟ್ಟಿಗೆ ಒಂದು ಕಡೆ, ಸ್ಪೀಕರ್ ಇನ್ನೊಂದು ಕಡೆ, ಬ್ಯಾಟರಿ ಮತ್ತೊಂದು ಕಡೆ. ಮುಂದೆ ಜರ್ಮನಿಯವರು ಸೆಟ್ಟಿನ ಗೂಡಿಗೆ ಒಂದು ಅಳತೆ ಗೊತ್ತುಮಾಡಿದರು. ಅದನ್ನೇ ಜಗತ್ತು ಒಪ್ಪಿಕೊಂಡಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಪ್ರದರ್ಶನದಲ್ಲಿ ತೋರಿಸಿದ ಪುಟ್ಟ ಕ್ಯಾಸೆಟ್ಟೂ ಆ ಗೂಡಿಗೆ ಬಂತು, ಆಮೇಲೆ ಸಿ.ಡಿ. ಬಂತು, ಈಗ ಮೊಬೈಲಿನ ಹಾಡನ್ನು ಗಾಳಿಯಲ್ಲೇ ಹಿಡಿಯುವ ಸೆಟ್ಟೂ ಬಂದಿದೆ. ಒಳಗಿನ ವಸ್ತು ಬದಲಾದರೂ ಗೂಡು ಅದೇ.

ಆಮೇಲೆ ಹುಡುಗ ಹೋಕಾಯಂತ್ರದ ಎಡಕ್ಕೊಂದು ಬಲಕ್ಕೊಂದು ದುಂಡನೆಯ ತೂತು ಕೊರೆದು, ಎರಡು ಸ್ಪೀಕರ್‌ಗಳನ್ನು ತಂದ. ದೇವರ ಅಕ್ಕಪಕ್ಕ ದೀಪ ಇಟ್ಟ ಹಾಗೆ ಚೆಂದ ಕಾಣುತ್ತಿತ್ತು. ನನ್ನ ಎದೆ ಮಾತ್ರ ಧಸಕ್ಕೆಂದಿತು.

1984ರ ಅಕ್ಟೋಬರ್. ನಾನಾಗ ಎಂಟನೆಯ ತರಗತಿ. ಅಪ್ಪನ ಬೋಟಿಗೆ ಅದೇ ವಾರ ಕ್ಯಾಸೆಟ್ ಪ್ಲೇಯರ್ ಬಂದಿತ್ತು. ಊರಿನಲ್ಲಿ ಅದೊಂದು ಸುದ್ದಿ. ಯಕ್ಷಗಾನದ ಕ್ಯಾಸೆಟ್ ಹಾಕಿಕೊಂಡು ಬೋಟು ಬಂದರಿಗೆ ಬರುವಾಗ ಚೆಂಡೆಯ ಸದ್ದು ಮೊದಲು ಕೇಳಿಸುತ್ತಿತ್ತು, ಬೋಟು ಆಮೇಲೆ ಕಾಣುತ್ತಿತ್ತು. ಕೂರಿಸಿಕೊಟ್ಟವರು ಸ್ಪೀಕರನ್ನು ಹೋಕಾಯಂತ್ರದ ಮಗ್ಗುಲಲ್ಲೇ ಸ್ಕ್ರೂ ಹಾಕಿ ಬಿಗಿದಿದ್ದರು. ಯಾರಿಗೂ ಏನೂ ಅನ್ನಿಸಿರಲಿಲ್ಲ. ಹಗಲು ಹೊತ್ತಿನಲ್ಲಿ ದಡ ನೋಡಿಕೊಂಡು ಬರುವವರಿಗೆ ಮುಳ್ಳು ನೋಡುವ ಅಗತ್ಯವೇ ಇರಲಿಲ್ಲ.

ಆ ದಿನ ಸಂಜೆ ಮೋಡ ಕವಿದು ಮಳೆ ಹಿಡಿಯಿತು. ಕಾಪುವಿನ ದೀಪಸ್ತಂಭದ ಬೆಳಕು ಕಾಣದಾಯಿತು. ಅಪ್ಪ ಮುಳ್ಳನ್ನು ನಂಬಿ ಚುಕ್ಕಾಣಿ ತಿರುಗಿಸಿದರು. ಬಂದರಿನ ಬಾಯಿ ಸಿಗಬೇಕಾದ ಹೊತ್ತಿಗೆ ಅಲೆ ಕಲ್ಲಿಗೆ ಬಡಿಯುವ ಸದ್ದು ಕೇಳಿಸಿತಂತೆ. ಅದು ಸೇಂಟ್ ಮೇರಿಸ್ ದ್ವೀಪದ ಬಂಡೆಗಳು! ಬೋಟು ಹಿಂದೆ ತೆಗೆಯುವಷ್ಟರಲ್ಲಿ ಚುಕ್ಕಾಣಿಯ ಅಲಗು ಮುರಿದಿತ್ತು. ಜೀವಕ್ಕೆ ಏನೂ ಆಗಲಿಲ್ಲ. ಲಂಗರು ಹಾಕಿ ಬೆಳಗಿನವರೆಗೆ ಕಾದರು. ಅಮ್ಮ ಆ ರಾತ್ರಿಯಿಡೀ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಒಲೆ ಹಚ್ಚಲಿಲ್ಲ, ಅಳಲೂ ಇಲ್ಲ. ನಾನು ಅವಳ ಸೆರಗು ಹಿಡಿದು ನಿದ್ದೆಹೋಗಿದ್ದೆ. ಬೆಳಗ್ಗೆ ಎದ್ದಾಗ ಅವಳು ಅದೇ ಭಂಗಿಯಲ್ಲಿದ್ದಳು.

ಬೋಟು ಎಳೆದು ತಂದ ಮೇಲೆ ಒಬ್ಬ ಹಿರಿಯ ತಾಂಡೇಲರು ಸ್ಪೀಕರನ್ನು ಬಿಚ್ಚಿ ಕೈಯಲ್ಲಿ ಹಿಡಿದು ಹೋಕಾಯಂತ್ರದ ಹತ್ತಿರ ತಂದರು, ದೂರ ಒಯ್ದರು, ಮತ್ತೆ ತಂದರು. ಕೂಲಿಯಾಳು ಧಣಿಯ ಹಿಂದೆ ತಿರುಗುವ ಹಾಗೆ ಮುಳ್ಳು ಅದರ ಹಿಂದೆ ತಿರುಗಿತು. ಸ್ಪೀಕರಿನ ಬೆನ್ನಿಗೆ ಇರುವುದೇ ಅಯಸ್ಕಾಂತ ತಾನೆ! ಸಣ್ಣ ತಪ್ಪು ಎಷ್ಟು ದೊಡ್ಡದೆಂದು ನೋಡಿ: ಮುಳ್ಳು ಒಂದು ಡಿಗ್ರಿ ತಪ್ಪಿದರೆ ಅರವತ್ತು ಮೈಲಿಗೆ ಒಂದು ಮೈಲಿ ಪಕ್ಕಕ್ಕೆ ಹೋಗುತ್ತೇವೆ. ಹತ್ತು ಡಿಗ್ರಿ ತಪ್ಪಿದರೆ ಆರೇ ಮೈಲಿಗೆ ಒಂದು ಮೈಲಿ. ಬಂದರಿನ ಬಾಯಿ ತಪ್ಪಿ ಬಂಡೆ ಸಿಗಲು ಅಷ್ಟು ಸಾಕು.

ನಮ್ಮ ಅಪ್ಪ ಮಾಡಿದ ತಪ್ಪನ್ನು ದೊಡ್ಡ ದೊಡ್ಡವರೂ ಮಾಡಿದ್ದರೆಂದು ತಿಳಿದದ್ದು ನಾನು ಬಿ.ಎ. ಮುಗಿಸಿ ಪಾಠ ಹೇಳಲು ಶುರುಮಾಡಿದ ಮೇಲೆ. 1801ರಿಂದ 1803ರವರೆಗೆ ಆಸ್ಟ್ರೇಲಿಯಾದ ಕರಾವಳಿಯ ನಕ್ಷೆ ಬರೆದ ಮ್ಯಾಥ್ಯೂ ಫ್ಲಿಂಡರ್ಸ್ ಎಂಬ ಇಂಗ್ಲಿಷ್ ನಾವಿಕ, ಹಡಗು ಮುಖ ತಿರುಗಿಸಿದಂತೆಲ್ಲ ಹೋಕಾಯಂತ್ರ ತೋರುವ ದಿಕ್ಕೂ ವ್ಯತ್ಯಾಸವಾಗುವುದನ್ನು ಗಮನಿಸಿದ. ಹಡಗಿನಲ್ಲಿದ್ದ ಕಬ್ಬಿಣವೇ ಅದಕ್ಕೆ ಕಾರಣವೆಂದು ತರ್ಕಿಸಿದ. ಊರಿಗೆ ಮರಳುವ ದಾರಿಯಲ್ಲಿ ಫ್ರೆಂಚರು ಅವನನ್ನು ಮಾರಿಷಸ್‌ನಲ್ಲಿ ಹಿಡಿದಿಟ್ಟರು. ಅಲ್ಲಿದ್ದುಕೊಂಡೇ ಈ ವಿಷಯದ ಲೇಖನ ಬರೆದು ಲಂಡನ್ನಿಗೆ ಕಳಿಸಿದ. 1805ರಲ್ಲಿ ಅದು ರಾಯಲ್ ಸೊಸೈಟಿಯ ಮುಂದೆ ಬಂತು. ಮುಳ್ಳಿನ ತಪ್ಪು ಸರಿಪಡಿಸಲು ಹೋಕಾಯಂತ್ರದ ಎದುರು ನಿಲ್ಲಿಸುವ ಕಬ್ಬಿಣದ ಸರಳಿಗೆ ಇಂದಿಗೂ ಅವನದೇ ಹೆಸರು.

ಆಮೇಲೆ ಹಡಗಿನ ಮೈಯೇ ಕಬ್ಬಿಣದ್ದಾಯಿತು. 1838ರಲ್ಲಿ ಖಗೋಳ ವಿಜ್ಞಾನಿ ಜಾರ್ಜ್ ಏರಿ 'ರೇನ್‌ಬೋ' ಎಂಬ ಕಬ್ಬಿಣದ ಹಡಗಿನ ಮೇಲೆ ಪ್ರಯೋಗ ಮಾಡಿ, ಹೋಕಾಯಂತ್ರದ ಹತ್ತಿರ ಅಯಸ್ಕಾಂತಗಳನ್ನಿಟ್ಟು ತಪ್ಪಿಗೆ ಎದುರು ತಪ್ಪು ಕೂಡಿಸಿ ಸರಿ ಮಾಡಬಹುದೆಂದು ತೋರಿಸಿದ. ವಿಲಿಯಂ ಸ್ಕೋರ್ಸ್‌ಬಿ ಎಂಬಾತ ಇದನ್ನು ಪೂರ್ತಿ ನಂಬಬೇಡಿ ಎಂದ. ಅಲೆಯ ಹೊಡೆತಕ್ಕೆ ಕಬ್ಬಿಣದ ಗುಣವೇ ಬದಲಾಗುತ್ತದೆ, ಇಂದು ಸರಿಮಾಡಿದ್ದು ನಾಳೆ ತಪ್ಪಾದೀತು ಎಂಬುದು ಅವನ ವಾದ.

ಈ ಚರ್ಚೆ ನಡೆಯುತ್ತಿದ್ದಾಗಲೇ 1854ರ ಜನವರಿಯಲ್ಲಿ 'ಟೇಲರ್' ಎಂಬ ಹೊಸ ಕಬ್ಬಿಣದ ಹಡಗು ಲಿವರ್‌ಪೂಲಿನಿಂದ ಆಸ್ಟ್ರೇಲಿಯಾಕ್ಕೆ ಹೊರಟಿತು. ಅದರ ಮೊದಲ ಪ್ರಯಾಣ. ಅದರ ಹೋಕಾಯಂತ್ರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ದಕ್ಷಿಣಕ್ಕೆ ಹೋಗುತ್ತಿದ್ದೇವೆಂದು ನಂಬಿ ಪಶ್ಚಿಮಕ್ಕೆ ಸಾಗಿದ ಹಡಗು ಎರಡೇ ದಿನಗಳಲ್ಲಿ ಐರ್ಲೆಂಡಿನ ಲ್ಯಾಂಬೆ ದ್ವೀಪದ ಬಂಡೆಗೆ ಬಡಿಯಿತು. ಸತ್ತವರು ಮುನ್ನೂರಕ್ಕೂ ಹೆಚ್ಚು. ಹಡಗಿನಲ್ಲಿದ್ದ ನೂರಕ್ಕೂ ಹೆಚ್ಚು ಹೆಂಗಸರಲ್ಲಿ ಉಳಿದವರು ಮೂವರೆಂದು ಹೇಳುತ್ತಾರೆ. ಆ ಕಾಲದ ಭಾರದ ಉಡುಪು ಅವರನ್ನು ನೀರೊಳಗೆ ಎಳೆಯಿತು. ತರಗತಿಯಲ್ಲಿ ಈ ಸಂಗತಿ ಹೇಳುವಾಗಲೆಲ್ಲ ನನಗೆ ಜಗಲಿಯ ಕಂಬ ನೆನಪಾಗುತ್ತದೆ. 1856ರಲ್ಲಿ ಮುದಿ ಸ್ಕೋರ್ಸ್‌ಬಿ ತಾನೇ 'ರಾಯಲ್ ಚಾರ್ಟರ್' ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋಗಿ ಪರೀಕ್ಷೆ ನಡೆಸಿದ. ಕಬ್ಬಿಣದಿಂದ ದೂರವಾಗಿ ಕೂವೆಮರದ ಮೇಲೊಂದು ಹೋಕಾಯಂತ್ರ ಇಡಿ ಎಂಬುದು ಅವನ ಸಲಹೆ. ಹೊಂದಿಸಿಕೊಳ್ಳುವ ಉಪಾಯ ಎಷ್ಟೇ ಇರಲಿ, ದೂರ ಇಡುವುದಕ್ಕಿಂತ ಸುಲಭದ ದಾರಿ ಇಲ್ಲ.

ಇನ್ನೊಂದು ಮಾತಿದೆ. 1820ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಅರ್‌ಸ್ಟೆಡ್ ಎಂಬ ಪ್ರಾಧ್ಯಾಪಕ, ವಿದ್ಯುತ್ ಹರಿಯುವ ತಂತಿಯ ಪಕ್ಕದಲ್ಲಿಟ್ಟ ಮುಳ್ಳು ತಿರುಗುವುದನ್ನು ಕಂಡ. ಎಂದರೆ ಸ್ಪೀಕರಿನ ಅಯಸ್ಕಾಂತ ಮಾತ್ರವಲ್ಲ, ಸೆಟ್ಟಿಗೆ ಹೋಗುವ ತಂತಿಯೂ ಮುಳ್ಳನ್ನು ಕೆಣಕಬಲ್ಲದು. ಹೋಗುವ ತಂತಿ ಬರುವ ತಂತಿ ಎರಡನ್ನೂ ಜಡೆಯಂತೆ ಹೊಸೆದರೆ ಒಂದರ ಸೆಳೆತವನ್ನು ಇನ್ನೊಂದು ಅಳಿಸುತ್ತದೆ. ಅದಕ್ಕೇ ತಿಳಿದವರು ಬೋಟಿನ ತಂತಿಗಳನ್ನು ಹೊಸೆದು ಎಳೆಯುತ್ತಾರೆ.

ಹಾಡು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಹಡಗಿಗೆ ರೇಡಿಯೋ ಮೊದಲು ಬಂದದ್ದು ಹಾಡಿಗಲ್ಲ. 1912ರ ಏಪ್ರಿಲ್ 15ರಂದು 'ಟೈಟಾನಿಕ್' ಮುಳುಗುವಾಗ ಅದರ ವಯರ್‌ಲೆಸ್ ಕರೆ ಕೇಳಿ 'ಕಾರ್ಪೇಥಿಯ' ಧಾವಿಸಿತು, ಏಳುನೂರಕ್ಕೂ ಹೆಚ್ಚು ಜನ ಬದುಕಿದರು. ಅದಕ್ಕಿಂತ ಹತ್ತಿರವಿದ್ದ 'ಕ್ಯಾಲಿಫೋರ್ನಿಯನ್' ಹಡಗಿನ ವಯರ್‌ಲೆಸ್ ಸಿಬ್ಬಂದಿ ಸೆಟ್ಟು ಮುಚ್ಚಿ ಮಲಗಿದ್ದ. ನಮ್ಮಲ್ಲಿ 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಅಮ್ಮನಿಗೆ ಬೇಕಾದದ್ದು ಹವಾಮಾನದ ವರದಿ ಮಾತ್ರ. 'ಮೀನುಗಾರರು ಕಡಲಿಗಿಳಿಯಬಾರದು' ಎಂಬ ಮಾತು ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು. ವಾರಗಟ್ಟಲೆ ಕಡಲಿನಲ್ಲಿರುವ ಹುಡುಗರಿಗೆ ಹಾಡು ಬೇಕು. ಬೇಸರ, ನಿದ್ದೆ, ಮನೆಯ ನೆನಪು, ಎಲ್ಲಕ್ಕೂ ಅದೇ ಮದ್ದು. ಅದನ್ನು ಎಲ್ಲಿ ಇಡಬೇಕು ಎಂಬುದಷ್ಟೇ ಪ್ರಶ್ನೆ.

ಟಾರ್ಚ್ ಕೆಳಗಿಟ್ಟು ನಾನು ಹುಡುಗನಿಗೆ ಅಜ್ಜನ ಕತೆ ಹೇಳಿದೆ. "ಈಗ ಯಾರು ಅತ್ತೆ ಹೋಕಾಯಂತ್ರ ನೋಡುತ್ತಾರೆ? ಜಿಪಿಎಸ್ ಇದೆಯಲ್ಲ" ಎಂದ. "ಬ್ಯಾಟರಿ ಕೆಟ್ಟ ದಿನ?" ಎಂದು ಕೇಳಿದೆ. ಅವನು ಮಾತಾಡಲಿಲ್ಲ. ಸ್ಪೀಕರನ್ನು ಎತ್ತಿಕೊಂಡು ಆ ತಾಂಡೇಲರು ಮಾಡಿದಂತೆಯೇ ಹತ್ತಿರ ತಂದ. ಮುಳ್ಳು ಸರಕ್ಕನೆ ತಿರುಗಿತು. ಅವನ ಮುಖ ಸಣ್ಣದಾಯಿತು. ಅಷ್ಟು ನಾಜೂಕಾಗಿ ಕೊರೆದ ಎರಡು ತೂತುಗಳು!

ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತ ಹೋದ. ಮುಳ್ಳು ಅಲುಗದ ಜಾಗ ಸಿಕ್ಕಿತು. ಅದರಾಚೆಗೆ ಇನ್ನೂ ಒಂದು ಮೊಳ ಬಿಟ್ಟು, ಮಲಗುವ ಹಲಗೆಯ ಮೇಲಿನ ಹಿಂಗೋಡೆಗೆ ಸ್ಪೀಕರ್‌ಗಳನ್ನು ಹಿತ್ತಾಳೆಯ ಸ್ಕ್ರೂ ಹಾಕಿ ಕೂರಿಸಿದ. ಸೆಟ್ಟನ್ನೂ ಹೀಗೇ ಪರೀಕ್ಷಿಸಿದ. ಅದು ದೂರದ ಮೂಲೆಯಲ್ಲಿದ್ದುದರಿಂದ ತೊಂದರೆ ಇರಲಿಲ್ಲ. ತಂತಿಗಳನ್ನು ಜಡೆ ಹೆಣೆದು ಎಳೆದ. ಕೊನೆಗೆ ಸೆಟ್ಟು ಆರಿಸಿ ಒಮ್ಮೆ, ಹಚ್ಚಿ ಒಮ್ಮೆ, ದನಿ ಏರಿಸಿ ಒಮ್ಮೆ ಮುಳ್ಳು ನೋಡಿದ. ಆಗಸ್ಟಿನಲ್ಲಿ ಬೋಟು ನೀರಿಗಿಳಿದ ಮೇಲೆ ನಾಲ್ಕೂ ದಿಕ್ಕಿಗೆ ಮುಖಮಾಡಿ ಮತ್ತೊಮ್ಮೆ ನೋಡಿದನೆಂದು ಅತ್ತಿಗೆ ಫೋನಿನಲ್ಲಿ ಹೇಳಿದಳು.

ಆ ಎರಡು ತೂತುಗಳಿಗೆ ಅದೇ ಮರದ ದುಂಡು ಬಿಲ್ಲೆ ಕತ್ತರಿಸಿ, ಅಂಚು ಉಜ್ಜಿ, ಒತ್ತಿ ಕೂರಿಸಿ ವಾರ್ನಿಷ್ ಬಳಿದಿದ್ದಾನೆ. ಬೆರಳಾಡಿಸಿದರೆ ಮಾತ್ರ ಗೊತ್ತಾಗುತ್ತದೆ. ನಾನು ನೋಡಿದ ಅವನ ಕೆಲಸಗಳಲ್ಲೆಲ್ಲ ಅಚ್ಚುಕಟ್ಟಾದದ್ದು ಅದೇ. ಬೋಟು ಹೊರಟ ದಿನ ಅತ್ತಿಗೆ ಅದಕ್ಕೆ ಕುಂಕುಮ ಹಚ್ಚಿ ಬಂದಳಂತೆ.